ಫ್ರೀ ಟ್ರಯಲ್ ಕೊಟ್ಟರೆ ಜನ ಆ್ಯಪ್ ಕೊಳ್ಳುತ್ತಾರಾ?

2016ರ ಡಿಸೆಂಬರ್ 15ರಂದು ಜಪಾನಿನ ನಿಂಟೆಂಡೊ ಕಂಪನಿ ‘ಸೂಪರ್ ಮಾರಿಯೊ ರನ್’ ಆಟವನ್ನು ಐಫೋನಿಗೆ ಬಿಡುಗಡೆ ಮಾಡಿತು. ಡೌನ್‌ಲೋಡ್ ಮಾಡಲು ದುಡ್ಡಿಲ್ಲ. ಮೊದಲ ಮೂರು ಹಂತ ಪೂರ್ತಿ ಆಡಬಹುದು. ನಾಲ್ಕನೆಯದು ಆಗ ಕೆಲವು ಸೆಕೆಂಡು ಓಡಿ ನಿಂತುಬಿಡುತ್ತಿತ್ತು. ಮುಂದಕ್ಕೆ ಹೋಗಬೇಕು ಅಂದರೆ 9.99 ಡಾಲರ್ ಕೊಡಬೇಕು. ಅದೂ ಒಂದೇ ಸಲ. ಮತ್ತೆ ಯಾವತ್ತೂ ದುಡ್ಡು ಕೇಳುವುದಿಲ್ಲ.

ಜನವರಿ ಮುಗಿಯುವ ಹೊತ್ತಿಗೆ 7.8 ಕೋಟಿ ಡೌನ್‌ಲೋಡ್ ಆಗಿದ್ದವು. ದುಡ್ಡು ಕೊಟ್ಟವರು ನೂರಕ್ಕೆ ಐದು ಜನಕ್ಕಿಂತ ಸ್ವಲ್ಪ ಜಾಸ್ತಿ. ಬಂದ ಹಣ ಸುಮಾರು 5.3 ಕೋಟಿ ಡಾಲರ್. 2017ರ ಕೊನೆಯ ಹೊತ್ತಿಗೆ ಡೌನ್‌ಲೋಡ್ 20 ಕೋಟಿ ತಲುಪಿತ್ತು. ಆದರೂ ಸಮಾಧಾನ ಆಗುವಷ್ಟು ಲಾಭ ಬಂದಿಲ್ಲ ಅಂತ ಕಂಪನಿಯೇ ಹೇಳಿಕೊಂಡಿತು.

ಹಾಗಾದರೆ ಇಲ್ಲಿ ಟ್ರಯಲ್ ಗೆದ್ದಿತಾ, ಸೋತಿತಾ? ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಬಿಟ್ಟಿ ಆಡಿ ಎದ್ದುಹೋದರು ಅಂತ ಒಬ್ಬರು ಹೇಳಬಹುದು. ಒಂದೇ ಒಂದು ಮೊಬೈಲ್ ಆಟಕ್ಕೆ ಲಕ್ಷಾಂತರ ಜನ ಹತ್ತು ಡಾಲರ್ ಕೊಟ್ಟರಲ್ಲ, ಅದು ಸಣ್ಣ ಮಾತಾ ಅಂತ ಇನ್ನೊಬ್ಬರು ಕೇಳಬಹುದು. ಎರಡೂ ವಾದಕ್ಕೆ ಈ ಅಂಕಿಗಳೇ ಆಧಾರ. ನಿಜವಾಗಿ ಬೇಕಾದ ಅಂಕಿ ಮಾತ್ರ ಇಲ್ಲಿಲ್ಲ. ಟ್ರಯಲ್ ಕೊಡದೆ, ಮೊದಲೇ ಹತ್ತು ಡಾಲರ್ ಕೇಳಿದ್ದರೆ ಎಷ್ಟು ಜನ ಕೊಳ್ಳುತ್ತಿದ್ದರು? ಅದು ತಿಳಿಯದೆ ಟ್ರಯಲ್ ಕೆಲಸ ಮಾಡಿತು ಅಂತಲೂ ಹೇಳಲಾಗದು, ಮಾಡಲಿಲ್ಲ ಅಂತಲೂ ಹೇಳಲಾಗದು.

ಫ್ರೀ ಟ್ರಯಲ್ ಬಗ್ಗೆ ನಡೆಯುವ ಅರ್ಧಕ್ಕರ್ಧ ಚರ್ಚೆ ಇಲ್ಲೇ ದಾರಿ ತಪ್ಪುತ್ತದೆ. ಟ್ರಯಲ್ ತಗೊಂಡವರಲ್ಲಿ ಎಷ್ಟು ಜನ ದುಡ್ಡು ಕೊಟ್ಟರು ಅನ್ನುವುದನ್ನು ಮಾತ್ರ ಎಣಿಸುತ್ತಾರೆ. ಅದರ ಜೊತೆಗೆ ಇನ್ನೂ ಒಂದನ್ನು ಕೇಳಬೇಕು. ಕೊಟ್ಟವರು ಬೇಕು ಅಂತ ಕೊಟ್ಟರೋ, ಮರೆತು ಕೊಟ್ಟರೋ? ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಒಂದೇ. ಆದರೆ ಇಬ್ಬರಿಂದ ಆಗುವ ಪರಿಣಾಮ ಬೇರೆ ಬೇರೆ.

ನೋಡದೆ ಕೊಳ್ಳುವುದು ಹೇಗೆ?

ಕೆಲವು ವಸ್ತುಗಳ ಗುಣ ಕಣ್ಣಿಗೇ ಕಾಣುತ್ತದೆ. ಬಕೆಟ್ಟು ಕೊಳ್ಳುವಾಗ ಟ್ರಯಲ್ ಬೇಕಿಲ್ಲ. ಇನ್ನು ಕೆಲವನ್ನು ಬಳಸಿದ ಮೇಲೇ ಗೊತ್ತಾಗುವುದು. ಅಮೆರಿಕದ ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲೇ ಈ ವ್ಯತ್ಯಾಸವನ್ನು ಗುರುತಿಸಿ ಬರೆದರು. ಆ್ಯಪ್ ಎರಡನೇ ಗುಂಪಿನದು. ಒಂಥರಾ ಹಲಸಿನ ಹಣ್ಣಿನ ಹಾಗೆ. ಹೊರಗಿನಿಂದ ಎಷ್ಟು ತಟ್ಟಿ ನೋಡಿದರೂ ಒಳಗಿನ ತೊಳೆ ಸಿಹಿಯೋ ಸಪ್ಪೆಯೋ ಗೊತ್ತಾಗುವುದಿಲ್ಲ. ಅದಕ್ಕೇ ರಸ್ತೆ ಬದಿ ಮಾರುವವರು ಮೊದಲು ಒಂದು ತೊಳೆ ಬಿಡಿಸಿ ಕೈಗೆ ಕೊಡುತ್ತಾರೆ.

ಸ್ಕ್ರೀನ್‌ಶಾಟ್ ನೋಡಿ ಆ್ಯಪ್ ಅಳೆಯುವುದು ಕಷ್ಟ. ಖರ್ಚು ಬರೆದಿಡುವ ಆ್ಯಪ್ ನನ್ನ ಬ್ಯಾಂಕಿನ ಎಸ್ಸೆಮ್ಮೆಸ್ಸನ್ನು ಸರಿಯಾಗಿ ಓದುತ್ತದಾ? ಕೀಬೋರ್ಡ್ ಆ್ಯಪ್‌ನಲ್ಲಿ ಒತ್ತಕ್ಷರ ಸರಾಗವಾಗಿ ಬರುತ್ತದಾ? ನನ್ನ ಹಳೇ ಫೋನಿನಲ್ಲಿ ಹ್ಯಾಂಗ್ ಆಗದೆ ಓಡುತ್ತದಾ? ಬಳಸಿದರೆ ಮಾತ್ರ ಗೊತ್ತು. ಬೆಲೆ ಐವತ್ತೇ ರೂಪಾಯಿ ಇದ್ದರೂ ಕೈ ಹಿಂದೆ ಸರಿಯುವುದು ಜಿಪುಣತನದಿಂದಲ್ಲ, ಅನುಮಾನದಿಂದ.

ಈ ಅನುಮಾನಕ್ಕೆ ಸಾಫ್ಟ್‌ವೇರ್ ಲೋಕ ಮೊಬೈಲಿಗಿಂತ ತುಂಬಾ ಮೊದಲೇ ಉತ್ತರ ಕಂಡುಕೊಂಡಿತ್ತು. 1982ರಲ್ಲಿ ಅಮೆರಿಕದಲ್ಲಿ ಜಿಮ್ ನಾಫ್ ಮತ್ತು ಆ್ಯಂಡ್ರೂ ಫ್ಲೂಗಲ್‌ಮನ್ ತಾವು ಬರೆದ ಪ್ರೋಗ್ರಾಮುಗಳನ್ನು ಹೀಗೇ ಹಂಚಿದರು. ಬಳಸಿ ನೋಡಿ, ಸ್ನೇಹಿತರಿಗೂ ಕಾಪಿ ಮಾಡಿ ಕೊಡಿ, ಇಷ್ಟವಾದರೆ ದುಡ್ಡು ಕಳಿಸಿ. ಇದೇ ಮುಂದೆ ಶೇರ್‌ವೇರ್ ಅಂತ ಹೆಸರಾಯಿತು. 1993ರಲ್ಲಿ ಬಂದ ಡೂಮ್ ಆಟದ ಮೊದಲ ಭಾಗ ಪೂರ್ತಿ ಫ್ರೀ ಇತ್ತು. ಉಳಿದ ಭಾಗ ಬೇಕಾದವರು ದುಡ್ಡು ಕೊಟ್ಟು ತರಿಸಿಕೊಂಡರು. ನಮ್ಮ ಸೈಬರ್ ಕೆಫೆಗಳ ಕಾಲದವರಿಗೆ, ಫೈಲುಗಳನ್ನು ಕುಗ್ಗಿಸುವ ವಿನ್‌ರಾರ್ ನೆನಪಿರಬೇಕು. 40 ದಿನದ ಟ್ರಯಲ್ ಅಂತ ಬರೆದಿರುತ್ತಿತ್ತು. 40 ದಿನ ಆದಮೇಲೂ ಕೊಂಡುಕೊಳ್ಳಿ ಅಂತ ನೆನಪಿಸುತ್ತಿತ್ತೇ ಹೊರತು ಬಾಗಿಲು ಹಾಕುತ್ತಿರಲಿಲ್ಲ.

ಆಮೇಲೆ 2008ರ ಜುಲೈ 10ರಂದು ಆ್ಯಪಲ್‌ನ ಆ್ಯಪ್ ಸ್ಟೋರ್ ತೆರೆಯಿತು. ಶುರುವಿನಲ್ಲಿ ಅಲ್ಲಿ ಇದ್ದದ್ದು ಸುಮಾರು 500 ಆ್ಯಪ್. ಕಾಲು ಶತಮಾನದಿಂದ ರೂಢಿಯಲ್ಲಿದ್ದ ಟ್ರಯಲ್‌ಗೆ ಮಾತ್ರ ಅಲ್ಲಿ ಜಾಗವೇ ಇರಲಿಲ್ಲ. ಒಂದೋ ಫ್ರೀ, ಇಲ್ಲವೋ ಮೊದಲೇ ದುಡ್ಡು. ಡೆವಲಪರ್‌ಗಳು ಅದಕ್ಕೊಂದು ದಾರಿ ಹುಡುಕಿದರು. ಒಂದೇ ಆ್ಯಪ್ ಅನ್ನು ಎರಡು ಮಾಡಿ, ಅರ್ಧ ಸೌಲಭ್ಯದ ಫ್ರೀ ಆ್ಯಪ್‌ಗೆ ‘ಲೈಟ್’ ಅಂತ ಹೆಸರಿಟ್ಟರು. 2009ರ ಅಕ್ಟೋಬರಿನಿಂದ ಫ್ರೀ ಆ್ಯಪ್ ಒಳಗೇ ದುಡ್ಡು ಕೇಳಲು ಆ್ಯಪಲ್ ಒಪ್ಪಿತು. ಚಂದಾ ಇಲ್ಲದ, ಒಂದೇ ಸಲ ಕೊಳ್ಳುವ ಆ್ಯಪ್‌ಗೂ ಇಷ್ಟು ದಿನದ ಟ್ರಯಲ್ ಅಂತ ಕೊಡಬಹುದು ಎಂಬ ನಿಯಮ ಬರಲು 2018ರವರೆಗೆ ಕಾಯಬೇಕಾಯಿತು.

ಆಂಡ್ರಾಯ್ಡ್ ಕಡೆ ಕಥೆ ಬೇರೆ. ಅಲ್ಲಿ ಮೊದಲು ಕೊಂಡ ಆ್ಯಪ್ ಅನ್ನು 24 ಗಂಟೆಯೊಳಗೆ ವಾಪಸ್ ಮಾಡಿ ಪೂರ್ತಿ ಹಣ ಪಡೆಯಬಹುದಿತ್ತು. ಹೆಸರು ರೀಫಂಡ್ ಆದರೂ ಅದು ಒಂದು ದಿನದ ಟ್ರಯಲ್ಲೇ. 2010ರ ಡಿಸೆಂಬರಿನಲ್ಲಿ ಗೂಗಲ್ ಅದನ್ನು 15 ನಿಮಿಷಕ್ಕೆ ಇಳಿಸಿತು. ಸಣ್ಣ ಆಟವೊಂದನ್ನು ಒಂದು ದಿನದಲ್ಲಿ ಆಡಿ ಮುಗಿಸಿ ವಾಪಸ್ ಕೊಟ್ಟರೆ ಡೆವಲಪರ್‌ಗೆ ಏನು ಸಿಗುತ್ತದೆ, ಅಲ್ವಾ? ಆದರೆ ನಿಧಾನ ನೆಟ್‌ವರ್ಕಿನಲ್ಲಿ ದೊಡ್ಡ ಆಟ ಇಳಿಯುವುದರೊಳಗೇ 15 ನಿಮಿಷ ಮುಗಿದುಹೋಗುತ್ತಿತ್ತು. 2014ರಲ್ಲಿ ಅದನ್ನು 2 ಗಂಟೆಗೆ ಏರಿಸಿದರು.

ಈ 15 ನಿಮಿಷದ ಮೇಲೆ ತೈವಾನಿನಲ್ಲಿ ದೊಡ್ಡ ಜಗಳವೇ ಆಯಿತು. ಅಂಗಡಿಗೆ ಹೋಗದೆ ದೂರದಿಂದ ಕೊಂಡ ವಸ್ತುವನ್ನು 7 ದಿನದೊಳಗೆ ಹಿಂದಿರುಗಿಸುವ ಹಕ್ಕು ಅಲ್ಲಿನ ಗ್ರಾಹಕ ಕಾನೂನಿನಲ್ಲಿತ್ತು. ಅದು ಆ್ಯಪ್‌ಗೂ ಅನ್ವಯಿಸಬೇಕು ಅಂತ ತೈಪೆ ನಗರಾಡಳಿತ 2011ರಲ್ಲಿ ಪಟ್ಟು ಹಿಡಿಯಿತು. ಆ್ಯಪಲ್ ಒಪ್ಪಿಕೊಂಡಿತು. ಗೂಗಲ್ ಒಪ್ಪಲಿಲ್ಲ. 10 ಲಕ್ಷ ತೈವಾನ್ ಡಾಲರ್ ದಂಡ ಬಿತ್ತು. ಗೂಗಲ್ ಆ ದೇಶದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗಳ ಮಾರಾಟವನ್ನೇ ನಿಲ್ಲಿಸಿತು. ಮಾರಾಟ ಮತ್ತೆ ಶುರುವಾದದ್ದು 2013ರಲ್ಲಿ. ಬಳಸಿ ನೋಡಲು ಎಷ್ಟು ಹೊತ್ತು ಕೊಡಬೇಕು ಅನ್ನುವ ಪ್ರಶ್ನೆಯ ಹಿಂದೆ ಎಷ್ಟು ದುಡ್ಡಿದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಮೈಕ್ರೋಸಾಫ್ಟ್ ಕೊಟ್ಟ ಅಂಕಿಗಳು

ಟ್ರಯಲ್ ಬಗ್ಗೆ ತುಂಬ ಜನ ಉಲ್ಲೇಖಿಸುವ ಅಂಕಿಗಳು ಇವತ್ತು ಬದುಕಿಲ್ಲದ ಒಂದು ಫೋನಿನಿಂದ ಬಂದಿವೆ. ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ 7 ಬಂದದ್ದು 2010ರಲ್ಲಿ. ಅದರ ಮಾರುಕಟ್ಟೆಯಲ್ಲಿ ಟ್ರಯಲ್‌ಗೆ ಮೊದಲಿನಿಂದಲೇ ಜಾಗ ಇತ್ತು. ಕೊಳ್ಳುವ ಬಟನ್ನಿನ ಪಕ್ಕದಲ್ಲೇ ಟ್ರೈ ಮಾಡುವ ಬಟನ್. ಕಾರ್ಡ್ ನಂಬರ್ ಕೊಡುವುದು ಬೇಡ. ಎಲ್ಲಿವರೆಗೆ ಬಿಡಬೇಕು ಅನ್ನುವುದು ಡೆವಲಪರ್ ಇಷ್ಟ.

2011ರಲ್ಲಿ ಮೈಕ್ರೋಸಾಫ್ಟ್ ಹೇಳಿದ್ದು ಇಷ್ಟು. ಟ್ರಯಲ್ ಇರುವ ಆ್ಯಪ್‌ಗಳು, ಟ್ರಯಲ್ ಇಲ್ಲದ ಪೇಯ್ಡ್ ಆ್ಯಪ್‌ಗಳಿಗಿಂತ 70 ಪಟ್ಟು ಜಾಸ್ತಿ ಡೌನ್‌ಲೋಡ್ ಆಗುತ್ತವೆ. ಟ್ರಯಲ್ ತಗೊಂಡ ಹತ್ತರಲ್ಲಿ ಹೆಚ್ಚುಕಡಿಮೆ ಒಂದು ಕೊಳ್ಳುವಿಕೆಯಾಗಿ ಬದಲಾಗುತ್ತದೆ. ಸರಾಸರಿ ಆದಾಯ 10 ಪಟ್ಟು.

ನೋಡಿದರೆ ವಿಷಯ ಇತ್ಯರ್ಥವಾದಂತೆ ಕಾಣುತ್ತದೆ. ಆದರೆ ಸ್ವಲ್ಪ ತಡೆದು ಯೋಚಿಸಬೇಕು. ಟ್ರಯಲ್ ಇಟ್ಟವರು ಯಾರು? ತಮ್ಮ ಆ್ಯಪ್ ಮೇಲೆ ತಮಗೇ ಭರವಸೆ ಇದ್ದವರು. ಕಳಪೆ ಆ್ಯಪ್ ಮಾಡಿದವರು ಯಾಕೆ ಮುಚ್ಚಳ ತೆಗೆದು ತೋರಿಸುತ್ತಾರೆ? ಅಂದರೆ ಆ 10 ಪಟ್ಟಿನಲ್ಲಿ ಟ್ರಯಲ್‌ನ ಪಾಲು ಎಷ್ಟು, ಒಳ್ಳೆಯ ಆ್ಯಪ್ ಆಗಿದ್ದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು. ಟ್ರಯಲ್ ಒಳ್ಳೆಯದು ಅನ್ನುವುದಕ್ಕೆ ಇದು ಸುಳಿವು. ಆದರೆ ನಿಮ್ಮ ಆ್ಯಪ್‌ಗೆ ನಾಳೆ ಟ್ರಯಲ್ ಸೇರಿಸಿದರೆ ನಾಡಿದ್ದು ಆದಾಯ 10 ಪಟ್ಟು ಆಗುತ್ತದೆ ಅಂತ ಇದರ ಅರ್ಥವಲ್ಲ.

ಅದೇ ವರದಿಯಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇನ್ನೊಂದು ಮಾತು. ಟ್ರಯಲ್‌ನಿಂದ ಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ದಿನದೊಳಗೇ ಕೊಂಡಿದ್ದರು. ಅವರಲ್ಲೂ ಬಹುಪಾಲು ಜನ ಎರಡೇ ಗಂಟೆಯೊಳಗೆ. ಅಂದರೆ ಜನ ವಾರಗಟ್ಟಲೆ ತೂಗಿ ನೋಡುತ್ತಿರಲಿಲ್ಲ. ‘ಹೌದು, ಇದು ನನಗೆ ಬೇಕು’ ಅನ್ನುವ ಒಂದು ಗಳಿಗೆ ಬರುತ್ತಿತ್ತು. ಆಗಲೇ ಕೊಳ್ಳುತ್ತಿದ್ದರು. ಆ ಗಳಿಗೆ ಬಾರದಿದ್ದರೆ ಬಹುತೇಕ ಮುಂದೆಯೂ ಬರುತ್ತಿರಲಿಲ್ಲ.

ಉದ್ದದ ಟ್ರಯಲ್ ಒಳ್ಳೆಯದೋ, ಗಿಡ್ಡದ್ದೋ?

ಜಾಸ್ತಿ ದಿನ ಬಳಸಿದರೆ ಜಾಸ್ತಿ ಅಭ್ಯಾಸವಾಗುತ್ತದೆ, ಬಿಡಲು ಮನಸ್ಸು ಬರುವುದಿಲ್ಲ, ಹಾಗಾಗಿ ಉದ್ದದ ಟ್ರಯಲ್ಲೇ ಒಳ್ಳೆಯದು. ಹೀಗೆ ಅನ್ನಿಸುವುದು ಸಹಜ. ಇದಕ್ಕೆ ಮನಃಶಾಸ್ತ್ರದ ಬೆಂಬಲವೂ ಇದೆ. ಡ್ಯಾನಿಯಲ್ ಕಾಹ್ನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಕೈಯಲ್ಲಿ ಮಗ್ ಇದ್ದವರು ಹೇಳಿದ ಬೆಲೆ ಇಲ್ಲದವರಿಗಿಂತ ಎರಡು ಪಟ್ಟಿನ ಆಸುಪಾಸು. ನಮ್ಮದು ಅನ್ನಿಸಿದ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರುತ್ತದೆ.

ಆದರೆ ಆ್ಯಪ್ ಮಗ್ ಅಲ್ಲ. ಅದು ಫೋನಿನ ಮೂರನೇ ಪುಟದಲ್ಲಿ, ಒಂದು ಫೋಲ್ಡರಿನ ಒಳಗೆ ಅಡಗಿ ಕೂತಿರುತ್ತದೆ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೇಮಾ ಯೋಗನರಸಿಂಹನ್ ಮತ್ತು ಸಂಗಡಿಗರು ಇದನ್ನು ಸರಿಯಾಗಿ ಪರೀಕ್ಷಿಸಿದರು. ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ 3 ಲಕ್ಷಕ್ಕೂ ಹೆಚ್ಚು ಹೊಸ ಬಳಕೆದಾರರಿಗೆ ಲಾಟರಿ ಎತ್ತಿದ ಹಾಗೆ ಕೆಲವರಿಗೆ 7 ದಿನ, ಕೆಲವರಿಗೆ 14 ದಿನ, ಕೆಲವರಿಗೆ 30 ದಿನದ ಟ್ರಯಲ್ ಕೊಡಲಾಯಿತು. ಅದು ಮೊಬೈಲ್ ಆ್ಯಪ್ ಅಲ್ಲ, ಕಂಪ್ಯೂಟರಿನ ಸಾಫ್ಟ್‌ವೇರ್. ಆದರೆ ಪಾಠ ಇಲ್ಲಿಗೂ ಹೊಂದುತ್ತದೆ. ಯಾರಿಗೆ ಎಷ್ಟು ದಿನ ಅಂತ ಯಾರೂ ಆರಿಸಲಿಲ್ಲವಾದ್ದರಿಂದ ಒಳ್ಳೆಯ ಆ್ಯಪ್, ಕೆಟ್ಟ ಆ್ಯಪ್ ಅನ್ನುವ ಗೊಂದಲ ಇಲ್ಲಿಲ್ಲ. ಎಲ್ಲರಿಗೂ 7 ದಿನ ಕೊಟ್ಟರೆ, 30 ದಿನ ಕೊಟ್ಟದ್ದಕ್ಕಿಂತ ಚಂದಾದಾರರು ಸುಮಾರು 5.6 ಶೇಕಡ ಜಾಸ್ತಿ ಆಗುತ್ತಾರೆ ಅನ್ನುವುದು ಅವರಿಗೆ ಸಿಕ್ಕ ಉತ್ತರ.

ಕಾರಣ ಸರಳ. 30 ದಿನ ಸಿಕ್ಕವರು ಮೊದಲ ಕೆಲವು ದಿನ ಉತ್ಸಾಹದಿಂದ ಬಳಸಿ ಆಮೇಲೆ ಸುಮ್ನೆ ಬಿಟ್ಟಿದ್ದರು. ಟ್ರಯಲ್ ಮುಗಿದು ಕೊಳ್ಳುತ್ತೀರಾ ಅಂತ ಕೇಳುವ ಹೊತ್ತಿಗೆ ಅದು ಮರೆತೇಹೋಗಿತ್ತು. 7 ದಿನದವರಿಗೆ ಬಳಸಿದ ನೆನಪು ಇನ್ನೂ ಹಸಿಯಾಗಿತ್ತು. ಎಲ್ಲರಿಗೂ ಇದೇ ಸರಿ ಅಂತಲ್ಲ. ಹೊಸಬರಿಗೂ ಅನುಭವಸ್ಥರಿಗೂ ಬೇಕಾದ ದಿನಗಳು ಬೇರೆ ಬೇರೆ ಅಂತಲೂ ಅದೇ ಅಧ್ಯಯನ ತೋರಿಸಿತು.

ಹಾಗಾಗಿ ಎಷ್ಟು ದಿನ ಅನ್ನುವುದಕ್ಕಿಂತ, ಆ್ಯಪ್‌ನ ಉಪಯೋಗ ಯಾವಾಗ ಕಾಣಿಸುತ್ತದೆ ಅನ್ನುವುದು ಮುಖ್ಯ. ಫೋಟೋದಿಂದ ಬೇಡದ ವಸ್ತು ಅಳಿಸುವ ಆ್ಯಪ್ ಐದು ನಿಮಿಷದಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ. ಅದಕ್ಕೆ ದಿನದ ಲೆಕ್ಕಕ್ಕಿಂತ ಫೋಟೋ ಲೆಕ್ಕದ ಟ್ರಯಲ್ ವಾಸಿ. ಐದು ಫೋಟೋ ಫ್ರೀ, ಆಮೇಲೆ ದುಡ್ಡು. ಕಿರಾಣಿ ಅಂಗಡಿಯ ಸಾಲ-ವಸೂಲಿ ಲೆಕ್ಕ ಇಡುವ ಆ್ಯಪ್‌ನ ಕಥೆಯೇ ಬೇರೆ. ತಿಂಗಳ ಕೊನೆಯಲ್ಲಿ ಯಾರಿಂದ ಎಷ್ಟು ಬರಬೇಕು ಅಂತ ಒಂದೇ ಪರದೆಯಲ್ಲಿ ಕಂಡಾಗಲೇ ಅಂಗಡಿಯವರಿಗೆ ಅದರ ಬೆಲೆ ಗೊತ್ತಾಗುವುದು. ಅಲ್ಲಿ 7 ದಿನದ ಟ್ರಯಲ್ ಕೊಟ್ಟರೆ ಏನೂ ತೋರಿಸದೆ ದುಡ್ಡು ಕೇಳಿದ ಹಾಗೆ.

ಮರೆವಿನ ಮೇಲೆ ನಡೆಯುವ ವ್ಯಾಪಾರ

ಇಲ್ಲಿವರೆಗೆ ಹೇಳಿದ್ದು ಬಹುಪಾಲು ಒಂದು ಬಗೆಯ ಟ್ರಯಲ್ ಬಗ್ಗೆ. ಅವಧಿ ಮುಗಿದ ಮೇಲೆ ಬೇಕಾದವರು ತಾವೇ ಮುಂದೆ ಬಂದು ದುಡ್ಡು ಕೊಡುತ್ತಾರೆ. ಸುಮ್ಮನಿದ್ದರೆ ಏನೂ ಕಟ್ ಆಗುವುದಿಲ್ಲ. ಇವತ್ತು ಫೋನಿನಲ್ಲಿ ಹೆಚ್ಚಾಗಿ ಕಾಣುವುದು ಇದರ ಉಲ್ಟಾ. ಶುರುವಿನಲ್ಲೇ ಕಾರ್ಡ್ ಅಥವಾ ಯುಪಿಐ ಒಪ್ಪಿಗೆ ಕೊಡಬೇಕು. ಸುಮ್ಮನಿದ್ದರೆ ದುಡ್ಡು ಕಟ್ ಆಗುತ್ತದೆ. ಬೇಡ ಅನ್ನುವವರೇ ಎದ್ದು ರದ್ದು ಮಾಡಬೇಕು.

ಎರಡಕ್ಕೂ ಫ್ರೀ ಟ್ರಯಲ್ ಅಂತಲೇ ಹೆಸರು. ಇದು ದೊಡ್ಡ ಗೊಂದಲಕ್ಕೆ ಕಾರಣ. ಎರಡನೇ ಬಗೆಯಲ್ಲಿ ಟ್ರಯಲ್‌ನಿಂದ ಚಂದಾಗೆ ಬಂದವರ ಶೇಕಡಾವಾರು ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಕಾಣಲೇಬೇಕು. ಕಾರ್ಡ್ ಕೊಡಲು ಹಿಂಜರಿದವರು ಶುರುವಿನಲ್ಲೇ ಹೊರಗುಳಿದಿರುತ್ತಾರೆ. ಒಳಗೆ ಬಂದವರಲ್ಲಿ ಮರೆತವರೂ ಕೊಂಡವರ ಲೆಕ್ಕಕ್ಕೆ ಸೇರಿರುತ್ತಾರೆ.

ಮರೆವಿನ ಪಾಲು ಎಷ್ಟು? ಲಿರನ್ ಐನಾವ್, ಬೆನ್ ಕ್ಲೋಪಾಕ್, ನೀಲ್ ಮಹೋನಿ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನು ಅಳೆಯಲು ಒಂದು ಜಾಣ ದಾರಿ ಹಿಡಿದರು. ಕಾರ್ಡಿನ ಅವಧಿ ಮುಗಿದು ಹೊಸ ಕಾರ್ಡ್ ಬಂದಾಗ ಚಂದಾ ತಾನಾಗಿ ಮುಂದುವರಿಯದೆ ನಿಲ್ಲಬಹುದು. ಆಗ ಗ್ರಾಹಕರು ಮತ್ತೆ ‘ಬೇಕು’ ಅಂತ ನಿರ್ಧಾರ ಮಾಡಿ ಹೊಸ ಕಾರ್ಡ್ ನಂಬರ್ ಕೊಡಬೇಕು. ಆ ತಿಂಗಳು ಎಷ್ಟು ಜನ ಬಿಟ್ಟುಹೋಗುತ್ತಾರೆ ಅಂತ ನೋಡಿದರು. ಬೇರೆ ತಿಂಗಳುಗಳಿಗಿಂತ ಬಿಡುವವರು ಎದ್ದು ಕಾಣುವಷ್ಟು ಜಾಸ್ತಿ ಇದ್ದರು. ಜನಪ್ರಿಯವಾದ 10 ಸೇವೆಗಳನ್ನು ನೋಡಿ ಅವರು ಹಾಕಿದ ಲೆಕ್ಕದ ಪ್ರಕಾರ, ಗ್ರಾಹಕರ ಗಮನ ಇಲ್ಲದಿರುವುದರಿಂದ ಮಾರುವವರ ಆದಾಯ 14 ಶೇಕಡದಿಂದ 200 ಶೇಕಡಕ್ಕೂ ಮೀರಿ ಏರುತ್ತದೆ.

ಇದನ್ನು ಓದಿ, ಹಾಗಾದರೆ ಆ್ಯಪ್ ಮಾಡುವವರಿಗೆ ಈ ದಾರಿಯೇ ಲಾಭ ಅಂತ ಅನ್ನಿಸಬಹುದು. ಆದರೆ ಜನ ಅಷ್ಟು ದಡ್ಡರಲ್ಲ. ಯುರೋಪಿನ ಒಂದು ಪತ್ರಿಕೆಯ ಸುಮಾರು 20 ಲಕ್ಷ ಓದುಗರ ಮೇಲೆ ನಡೆದ ಪ್ರಯೋಗ ಇದನ್ನು ತೋರಿಸಿತು. ಕ್ಲೌಸ್ ಮಿಲ್ಲರ್, ನವದೀಪ್ ಸಾಹ್ನಿ, ಅವ್ನರ್ ಸ್ಟ್ರುಲೋವ್-ಶ್ಲೈನ್ ಇದನ್ನು ಅಧ್ಯಯನ ಮಾಡಿದವರು. ಕೆಲವರಿಗೆ, ರಿಯಾಯಿತಿ ಅವಧಿ ಮುಗಿದ ಮೇಲೆ ತಾನಾಗಿ ಮುಂದುವರಿಯುವ ಚಂದಾ ತೋರಿಸಿದರು. ಇನ್ನು ಕೆಲವರಿಗೆ, ತಾನಾಗಿ ನಿಲ್ಲುವ ಚಂದಾ. ತಾನಾಗಿ ಮುಂದುವರಿಯುತ್ತದೆ ಅಂದಾಗ, ಸೇರಬಹುದಾಗಿದ್ದವರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನ ಸೇರಲೇ ಇಲ್ಲ. ‘ನಾನು ರದ್ದು ಮಾಡಲು ಮರೆಯುತ್ತೇನೆ’ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಶುರುವಿನಲ್ಲಿ ತಾನಾಗಿ ಮುಂದುವರಿಯುವ ಚಂದಾದಿಂದ ಹೆಚ್ಚು ಹಣ ಬಂತು, ನಿಜ. ಆದರೆ ಅದರಿಂದ ದೂರ ಸರಿದವರಲ್ಲಿ ಹಲವರು ಎರಡು ವರ್ಷ ಕಳೆದರೂ ಆ ಪತ್ರಿಕೆಯ ಚಂದಾದಾರರಾಗಲಿಲ್ಲ.

ಬಂದವರು ಉಳಿಯುತ್ತಾರಾ ಅನ್ನುವುದು ಇನ್ನೊಂದು ಮಾತು. ಯುರೋಪಿನ ಡಿಜಿಟಲ್ ಟಿವಿ ಸೇವೆಯೊಂದರ ಗ್ರಾಹಕರ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಫ್ರೀ ಟ್ರಯಲ್ ಮೂಲಕ ಬಂದ ಗ್ರಾಹಕರಿಂದ ಒಟ್ಟಾರೆ ಸಿಗುವ ಆದಾಯದ ಮೌಲ್ಯ, ನೇರವಾಗಿ ಬಂದವರದ್ದಕ್ಕಿಂತ 59 ಶೇಕಡ ಕಡಿಮೆ. ಅವರು ಬೇಗ ಬಿಟ್ಟುಹೋಗುತ್ತಾರೆ. ಟ್ರಯಲ್ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಅವರಲ್ಲಿ ಹಲವರು ಟ್ರಯಲ್ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ಆದರೆ ಟ್ರಯಲ್‌ನಿಂದ ಬಂದ ನೂರು ಜನರನ್ನು, ಬೇಕು ಅಂತ ಬಂದ ನೂರು ಜನರಿಗೆ ಸಮ ಅಂತ ಲೆಕ್ಕ ಹಾಕಿ ಸಾಲ ಮಾಡಿದರೆ ಕಷ್ಟ.

ಈ ಮರೆವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಟಾರ್ಚ್, ಕ್ಯೂಆರ್ ಸ್ಕ್ಯಾನರ್, ಹಸ್ತರೇಖೆ ನೋಡುವ ಆ್ಯಪ್ ಇಂಥವೇ ಜಾಸ್ತಿ. ಮೂರು ದಿನದ ಟ್ರಯಲ್ ಅಂತ ಕರೆದು, ಆಮೇಲೆ ವಾರಕ್ಕೋ ವರ್ಷಕ್ಕೋ ಸಾವಿರಾರು ರೂಪಾಯಿ ಕೀಳುವ ಆ್ಯಪ್‌ಗಳಿಗೆ ಸೋಫೋಸ್ ಎಂಬ ಭದ್ರತಾ ಕಂಪನಿ 2019ರಲ್ಲಿ ‘ಫ್ಲೀಸ್‌ವೇರ್’ ಅಂತ ಹೆಸರಿಟ್ಟಿತು. 2021ರಲ್ಲಿ ಅವಾಸ್ಟ್ ಕಂಪನಿ ಎರಡೂ ಸ್ಟೋರುಗಳಲ್ಲಿ ಇಂಥ 204 ಆ್ಯಪ್ ಪತ್ತೆ ಹಚ್ಚಿತು. ಅವು 100 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿದ್ದವು. ಗಳಿಸಿದ್ದು ಅಂದಾಜು 40 ಕೋಟಿ ಡಾಲರ್. ಇವುಗಳಲ್ಲಿ ವೈರಸ್ ಇರಲಿಲ್ಲ, ಕಳ್ಳತನದ ಕೋಡ್ ಇರಲಿಲ್ಲ. ಸ್ಟೋರ್ ಒಪ್ಪಿದ ಚಂದಾ ವ್ಯವಸ್ಥೆಯ ಮೂಲಕವೇ ದುಡ್ಡು ಹೋಗುತ್ತಿತ್ತು. ಇದನ್ನು ವ್ಯಾಪಾರದ ಜಾಣತನ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇಂಥದ್ದರಿಂದ ಪೆಟ್ಟು ತಿಂದವರು ಆಮೇಲೆ ಪ್ರಾಮಾಣಿಕ ಆ್ಯಪ್‌ನ ಟ್ರಯಲ್ ಬಟನ್ ಕೂಡ ಮುಟ್ಟುವುದಿಲ್ಲ. ನಷ್ಟ ಅವರೊಬ್ಬರದ್ದೇ ಅಲ್ಲ.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಫೋನಿನ ಮೇಲೆ ನಡೆದ ಅತಿ ದೊಡ್ಡ ಫ್ರೀ ಟ್ರಯಲ್ ಯಾವುದು ಅಂದರೆ ನಾನು ಜಿಯೋ ಹೆಸರು ಹೇಳುತ್ತೇನೆ. ಅದು ಆ್ಯಪ್ ಅಲ್ಲ, ಸಿಮ್. ಆದರೆ ಪಾಠ ದೊಡ್ಡದು. 2016ರ ಸೆಪ್ಟೆಂಬರ್ 5ರಿಂದ ಡಿಸೆಂಬರ್ ಕೊನೆವರೆಗೆ ಕರೆ, ಡೇಟಾ ಎಲ್ಲ ಫ್ರೀ. ಆಮೇಲೆ ಅದನ್ನು 2017ರ ಮಾರ್ಚ್ 31ಕ್ಕೆ ವಿಸ್ತರಿಸಿದರು. ಫೆಬ್ರವರಿಯಲ್ಲೇ ಗ್ರಾಹಕರು 10 ಕೋಟಿ ದಾಟಿದರು. ನಂತರ 99 ರೂಪಾಯಿ ಕೊಟ್ಟು ಪ್ರೈಮ್ ಸದಸ್ಯರಾಗಿ ಅಂದಾಗ ಮಾರ್ಚ್ ಕೊನೆಗೆ 7.2 ಕೋಟಿ ಜನ ಸೇರಿದ್ದರು.

ಸೂಪರ್ ಮಾರಿಯೊದ ನೂರಕ್ಕೆ ಐದು ಎಲ್ಲಿ, ಇದೆಲ್ಲಿ! ವ್ಯತ್ಯಾಸಕ್ಕೆ ಕಾರಣಗಳಿವೆ. ಇಂಟರ್‌ನೆಟ್ ದಿನಾ ಬೇಕು. ಆ ಆರು ತಿಂಗಳಲ್ಲಿ ಜನರ ಬಳಕೆಯ ರೀತಿಯೇ ಬದಲಾಗಿತ್ತು, ಹಳೇ ಒಂದು ಜಿಬಿ ತಿಂಗಳಿಗೆ ವಾಪಸ್ ಹೋಗುವುದು ಯಾರಿಗೂ ಬೇಡವಾಗಿತ್ತು. ಬೆಲೆ ಕೈಗೆಟುಕುವಂತಿತ್ತು. ಮತ್ತೊಂದು ವಿಷಯ ಗಮನಿಸಿ. ಅಲ್ಲಿ ಯಾರ ಖಾತೆಯಿಂದಲೂ ದುಡ್ಡು ತಾನಾಗಿ ಕಟ್ ಆಗಲಿಲ್ಲ. ಪ್ರೀಪೇಯ್ಡ್ ಆದ್ದರಿಂದ ಅಷ್ಟೂ ಜನ ತಾವಾಗಿ ಹೋಗಿ ರೀಚಾರ್ಜ್ ಮಾಡಿಸಿದರು.

ನಮ್ಮ ಜನ ಡಿಜಿಟಲ್ ವಸ್ತುವಿಗೆ ದುಡ್ಡು ಕೊಡುವುದಿಲ್ಲ ಅನ್ನುವ ಮಾತನ್ನು ಹಾಗಾಗಿ ನಾನು ಪೂರ್ತಿ ಒಪ್ಪುವುದಿಲ್ಲ. ಸಣ್ಣ ಮೊತ್ತ, ಮೊದಲೇ ಗೊತ್ತಿರುವ ಅವಧಿ, ಮುಗಿದ ಮೇಲೆ ಬೇಕಾದರೆ ಮತ್ತೆ. ನಮಗೆ ಈ ಲೆಕ್ಕ ಒಗ್ಗಿದೆ. 2015ರಲ್ಲಿ ಗೂಗಲ್ ಭಾರತದಲ್ಲಿ ಆ್ಯಪ್‌ನ ಕನಿಷ್ಠ ಬೆಲೆಯನ್ನು 50 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದೂ ಇದೇ ಕಾರಣಕ್ಕೆ ಸರಿಹೊಂದುತ್ತದೆ.

ತಾನಾಗಿ ಕಟ್ ಆಗುವ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮ ಬಹಳ ದೇಶಗಳಿಗಿಂತ ಬಿಗಿಯಾಗಿದೆ. 2021ರ ಅಕ್ಟೋಬರ್ 1ರಿಂದ, ಪದೇಪದೇ ಹಣ ಕಟ್ ಆಗುವ ವ್ಯವಹಾರಕ್ಕೆ ಶುರುವಿನಲ್ಲಿ ಒಟಿಪಿಯಂಥ ಹೆಚ್ಚುವರಿ ಒಪ್ಪಿಗೆ ಬೇಕು. ಪ್ರತಿ ಸಲ ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರಬೇಕು. ಆ ಸೂಚನೆ ನೋಡಿ ಬೇಡ ಅನ್ನಬಹುದು. ಇದು ಬಂದ ಹೊಸದರಲ್ಲಿ ಎಷ್ಟೋ ಚಂದಾಗಳು ಏಕಾಏಕಿ ನಿಂತು ಜನರಿಗೂ ಕಂಪನಿಗಳಿಗೂ ತೊಂದರೆ ಆಯಿತು. ಆದರೂ ಆ 24 ಗಂಟೆಯ ಎಸ್ಸೆಮ್ಮೆಸ್ ನನಗೆ ಬಹಳ ಬೆಲೆಬಾಳುವ ಸೌಲಭ್ಯ ಅನ್ನಿಸುತ್ತದೆ.

ಅಷ್ಟರಲ್ಲೇ ಯುಪಿಐ ಆಟೋಪೇ ಕೂಡ ಬಂದಿತ್ತು. 2020ರ ಜುಲೈನಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅದನ್ನು ಶುರು ಮಾಡಿತು. ಕಾರ್ಡ್ ಇಲ್ಲದವರೂ ಚಂದಾ ಕಟ್ಟಲು ಇದರಿಂದ ಅನುಕೂಲವಾಯಿತು. ಹಾಗೆಯೇ ‘ಒಂದು ರೂಪಾಯಿ ಟ್ರಯಲ್’ ಕೂಡ ಊರೂರಿಗೆ ತಲುಪಿತು. ಒಂದು ರೂಪಾಯಿಗೆ ಪಿನ್ ಒತ್ತುತ್ತೇವೆ. ಆ ಪಿನ್ ಒಂದು ರೂಪಾಯಿಗಷ್ಟೇ ಅಲ್ಲ, ಮುಂದಿನ ತಿಂಗಳುಗಳ ನೂರಾರು ರೂಪಾಯಿಗೂ ಒಪ್ಪಿಗೆ. ಪರದೆಯಲ್ಲಿ ಒಂದು ರೂಪಾಯಿ ದಪ್ಪ ಅಕ್ಷರದಲ್ಲಿರುತ್ತದೆ, ಉಳಿದದ್ದು ಸಣ್ಣ ಅಕ್ಷರದಲ್ಲಿ. ವಯಸ್ಸಾದವರು, ಇಂಗ್ಲಿಷ್ ಸರಾಗವಾಗಿ ಓದಲು ಬಾರದವರು ಇಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಆ ಒಪ್ಪಿಗೆಯ ವಾಕ್ಯ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು ಅಂತ ಕೇಳುವುದು ಅತಿಯಾದ ಆಸೆ ಅಲ್ಲ.

ಕಾನೂನು ಇದನ್ನು ಗಮನಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಚಂದಾ ಬಲೆ ಒಂದು. ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು ಅಥವಾ ಗೋಜಲು ಮಾಡುವುದು ಇದರೊಳಗೆ ಬರುತ್ತದೆ. ಫ್ರೀ ಚಂದಾ ಕೊಡಲು ಪಾವತಿ ವಿವರವನ್ನೋ ಆಟೋ ಡೆಬಿಟ್ ಒಪ್ಪಿಗೆಯನ್ನೋ ಕೊಡಲೇಬೇಕು ಅಂತ ಒತ್ತಾಯಿಸುವುದೂ ಬರುತ್ತದೆ. ನಮ್ಮ ಫೋನುಗಳಲ್ಲಿ ದಿನಾ ಕಾಣುವ ಎಷ್ಟು ಟ್ರಯಲ್‌ಗಳು ಈ ಮಾತಿನ ಮುಂದೆ ನಿಲ್ಲುತ್ತವೆ ಅಂತ ನೀವೇ ನೋಡಿ.

ಆ್ಯಪ್ ಮಾಡುವವರಿಗೆ ಒಂದು ಲೆಕ್ಕ

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ಒಬ್ಬರೇ ಇಬ್ಬರೇ ಆ್ಯಪ್ ಕಟ್ಟುವವರಿಗೆ ಈ ಪ್ರಶ್ನೆ ಹೊಟ್ಟೆಪಾಡಿನದು. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಬೆಲೆ 199 ರೂಪಾಯಿ. ಸಾವಿರ ಜನ ಆ್ಯಪ್‌ನ ಪುಟ ನೋಡುತ್ತಾರೆ. ಟ್ರಯಲ್ ಇಲ್ಲದಿದ್ದರೆ 10 ಜನ ಕೊಳ್ಳುತ್ತಾರೆ ಅಂದುಕೊಳ್ಳಿ.

ಕಾರ್ಡ್ ಕೇಳದ ಟ್ರಯಲ್ ಇಟ್ಟರೆ 200 ಜನ ಇಳಿಸಿಕೊಳ್ಳಬಹುದು. ಅವರಲ್ಲಿ 16 ಜನ ಕೊಂಡರು ಅನ್ನೋಣ. ನೂರಕ್ಕೆ ಎಂಟು ಅಂದರೆ ಮುಖ ಸಪ್ಪಗಾಗುತ್ತದೆ. ಆದರೆ ಹತ್ತು ಇದ್ದದ್ದು ಹದಿನಾರು ಆಯಿತಲ್ಲ. ಕಾರ್ಡ್ ಕೇಳುವ ಟ್ರಯಲ್ ಇಟ್ಟರೆ 40 ಜನ ಮಾತ್ರ ಶುರು ಮಾಡಿ, 20 ಜನ ಉಳಿಯಬಹುದು. ನೂರಕ್ಕೆ ಐವತ್ತು! ಆದರೆ ಆ 20ರಲ್ಲಿ ಎಂಟು ಜನ ಮರೆತವರಾದರೆ, ನಾಳೆ ರೀಫಂಡ್ ಕೇಳುವವರು, ಒಂದು ಸ್ಟಾರ್ ಕೊಟ್ಟು ಬೈದು ಬರೆಯುವವರು ಅವರೇ. ಉಳಿದದ್ದು 12. ಜೊತೆಗೆ ಬಳಸಿ ನೋಡದೆಯೇ ಹಿಂದೆ ಸರಿದ 160 ಜನ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿ ಬೇರೆ ಇರುತ್ತದೆ. ಎಣಿಸುವ ಕ್ರಮ ಮಾತ್ರ ಇದೇ ಇರಲಿ. ಪುಟ ನೋಡಿದ ಸಾವಿರದಲ್ಲಿ ಮೂರು ತಿಂಗಳ ಮೇಲೂ ಬಳಸುತ್ತಿರುವವರು ಎಷ್ಟು ಅಂತ ಕೇಳಿಕೊಳ್ಳಿ.

ಇನ್ನೊಂದು ಅಪಾಯವೂ ಇದೆ. ಕೆಲವು ಆ್ಯಪ್‌ಗಳ ಕೆಲಸ ಟ್ರಯಲ್‌ನಲ್ಲೇ ಮುಗಿದುಹೋಗುತ್ತದೆ. ಒಂದು ಮದುವೆ ಕಾಗದ ವಿನ್ಯಾಸ ಮಾಡಿಕೊಳ್ಳಲು ಮೂರು ದಿನ ಸಾಕು. ಅಂಥ ಆ್ಯಪ್‌ಗೆ ದಿನದ ಟ್ರಯಲ್ ಕೊಟ್ಟರೆ ಕೊಳ್ಳುವವರೂ ಕೊಳ್ಳುವುದಿಲ್ಲ. ವಿನ್ಯಾಸ ಮಾಡಲು ಬಿಟ್ಟು, ಪ್ರಿಂಟಿಗೆ ಬೇಕಾದ ಫೈಲ್ ತೆಗೆಯುವಾಗ ದುಡ್ಡು ಕೇಳುವುದು ಅಲ್ಲಿ ಸರಿ. ನೋಡುವವರಿಗೂ ಅನ್ಯಾಯವಿಲ್ಲ, ಮಾಡಿದವರಿಗೂ ಅನ್ಯಾಯವಿಲ್ಲ.

ಟ್ರಯಲ್ ತಗೊಳ್ಳುವವರಿಗೆ

ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ರದ್ದಾಗುವುದಿಲ್ಲ. ಇದು ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲಿನ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಶನ್ಸ್ ಒಳಗೆ ಹೋದರೆ ಚಾಲ್ತಿಯಲ್ಲಿರುವ ಚಂದಾಗಳ ಪಟ್ಟಿ ಸಿಗುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ನಿಮ್ಮ ಹೆಸರು ಒತ್ತಿ, ಅಲ್ಲಿ ಸಬ್‌ಸ್ಕ್ರಿಪ್ಶನ್ಸ್. ಆ ಪಟ್ಟಿಯಲ್ಲಿ ಕಾಣದೆ ದುಡ್ಡು ಹೋಗುತ್ತಿದ್ದರೆ, ಒಪ್ಪಿಗೆ ಸ್ಟೋರಿನ ಮೂಲಕ ಅಲ್ಲ, ನೇರ ಯುಪಿಐ ಮೂಲಕ ಕೊಟ್ಟಿರಬಹುದು. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಅನ್ನುವ ಜಾಗ ಹುಡುಕಿ. ಅಲ್ಲಿಂದಲೇ ನಿಲ್ಲಿಸಬಹುದು. ಮನೆಯಲ್ಲಿ ಅಪ್ಪ ಅಮ್ಮನ ಫೋನಿದ್ದರೆ ಅದರಲ್ಲೂ ಒಮ್ಮೆ ನೋಡಿ.

ಪ್ಲೇ ಸ್ಟೋರ್ ಮೂಲಕ ಶುರು ಮಾಡಿದ ಟ್ರಯಲ್ ಅನ್ನು ಅವತ್ತೇ ರದ್ದು ಮಾಡಿಟ್ಟರೂ ಅವಧಿ ಮುಗಿಯುವವರೆಗೆ ಬಳಸಬಹುದು. ಆ್ಯಪಲ್‌ನಲ್ಲಿ ಟ್ರಯಲ್ ಮುಗಿಯಲು ಕನಿಷ್ಠ 24 ಗಂಟೆ ಇರುವಾಗಲೇ ರದ್ದು ಮಾಡಿರಬೇಕು. ಹಾಗೆ ರದ್ದು ಮಾಡಿಟ್ಟು ಬಳಸಿ. ಅವಧಿ ಮುಗಿದ ಮೇಲೆ ಆ ಆ್ಯಪ್ ಇಲ್ಲದೆ ತೊಂದರೆ ಅನ್ನಿಸಿದರೆ ಆಗ ಕೊಂಡುಕೊಳ್ಳಿ. ಆ ಡೆವಲಪರ್‌ಗೆ ಸಿಗುವುದೂ ನಿಜವಾದ ಗ್ರಾಹಕರೇ. ಒಪ್ಪಿಗೆ ಇಲ್ಲದೆ ಹಣ ಹೋಗಿದ್ದರೆ ಮೊದಲು ಸ್ಟೋರಿನಲ್ಲಿ ರೀಫಂಡ್ ಕೇಳಿ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಕನ್ನಡದಲ್ಲೇ ದೂರು ಹೇಳಬಹುದು.